ಫ್ಯಾನಿನ ರೆಗ್ಯುಲೇಟರೂ ಹೈಪೋಥಾಲಮಸ್ಸೂ

ಮಂಗಳೂರಿನಲ್ಲಿ ಇಬ್ಬರು ಎದುರಾದರೆ "ಚೆನ್ನಾಗಿದ್ದೀರಾ" ಎಂದು ಕೇಳುವ ಕ್ರಮವಿಲ್ಲ. "ಎಂತ ಸೆಕೆ ಮಾರಾಯ್ರೆ" ಎಂದರೆ ಕುಶಲಪ್ರಶ್ನೆಯೂ ಆಯಿತು, ಉತ್ತರವೂ ಆಯಿತು. ಇಂಥ ಊರಿನಲ್ಲಿ ಹುಟ್ಟಿ, ಏಪ್ರಿಲ್ ತಿಂಗಳಲ್ಲಿ ಕಿವಿಗೆ ಮಫ್ಲರ್ ಸುತ್ತಿ ಮನೆಯೊಳಗೆ ಕೂರುವವನು ನಮ್ಮ ಇಡೀ ಪಡೀಲು ಬಡಾವಣೆಯಲ್ಲಿ ನಾನೊಬ್ಬನೇ ಇರಬೇಕು. ಐವತ್ತು ಸಮೀಪಿಸಿದ ಮೇಲೆ ನನ್ನ ಹೆಂಡತಿ ಸುಜಾತಳಿಗೆ ಇದ್ದಕ್ಕಿದ್ದಂತೆ ಮೈಯೊಳಗಿಂದ ಬೆಂಕಿ ಎದ್ದ ಹಾಗಾಗುತ್ತದೆ. ಹಾಗಾಗಿ ಫ್ಯಾನು ಐದರಿಂದ ಕೆಳಗಿಳಿಯುವುದಿಲ್ಲ. ನಾನು ಕಳ್ಳನ ಹಾಗೆ ಮೂರಕ್ಕೆ ತಂದರೆ ಅಡುಗೆಮನೆಯಿಂದಲೇ ಅವಳಿಗೆ ಗೊತ್ತಾಗುತ್ತದೆ. ನಮ್ಮ ನಾಯಿ ಟೈಗರ್ ಕೂಡ ಅವಳ ಪಕ್ಷ ಸೇರಿ, ನಾಲಿಗೆ ಚಾಚಿ ಫ್ಯಾನಿನ ಅಡಿಯಲ್ಲೇ ಬಿದ್ದಿರುತ್ತದೆ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವನು. ಮೇಷ್ಟ್ರಿಗೆ ಕಷ್ಟ ಬಂದರೆ ಪಾಠ ಮಾಡುವುದೊಂದೇ ಗೊತ್ತು. ಒಂದು ಸಂಜೆ ಗೋಳಿಬಜೆ ತಿನ್ನುತ್ತಾ ಶುರುಮಾಡಿದೆ. ಮೆದುಳಿನ ಬುಡದಲ್ಲಿ ಹೈಪೋಥಾಲಮಸ್ ಎಂಬ ಬಾದಾಮಿಯಷ್ಟು ಜಾಗವಿದೆ, ಕೆಲವು ರಾಸಾಯನಿಕಗಳ ಮಾತು ಕೇಳಿ ಮೈಯ ಬಿಸಿ ಕಾಯುವುದು ಅದೇ, ಟೈಗರ್ ಏದುಸಿರು ಬಿಡುವುದೂ ನಾವು ಬೆವರುವುದೂ ನಡುಗುವುದೂ ಅದರ ಅಪ್ಪಣೆ, ನಿನ್ನ ವಯಸ್ಸಿನಲ್ಲಿ ಹಾರ್ಮೋನು ಇಳಿದು ಅದಕ್ಕೆ ಚೂರು ಬಿಸಿಯಾದರೂ ಗಾಬರಿ, ಅಷ್ಟೇ ಎಂದೆ.

"ಮದುವೆಯಾದಲ್ಲಿಂದ ಒಂದು ದಿನ ನನ್ನ ತಲೆಯೊಳಗೆ ಎಂತ ಉಂಟು ಅಂತ ಕೇಳ್ಲಿಲ್ಲ ನೀವು. ಈಗ ಫ್ಯಾನಿಗೋಸ್ಕರ ನೀವೇ ಹೇಳುದಾ?" ಎಂದಳು ಸುಜಾತ. ನಾನು ಇನ್ನೊಂದು ಗೋಳಿಬಜೆ ಬಾಯಿಗೆ ಹಾಕಿಕೊಂಡೆ.

ಮರುವಾರ ನನಗೆ ಜ್ವರ. ಜ್ವರದಲ್ಲಿ ಮೆದುಳು ಮೈಯ ಬಿಸಿಯ ಗುರಿಯನ್ನೇ ಮೇಲೇರಿಸಿಬಿಡುತ್ತದೆ, ಅದಕ್ಕೇ ಸುಡುವ ಮೈಗೂ ಚಳಿ. ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದೆ. ಸುಜಾತ ತಾನಾಗಿಯೇ ಫ್ಯಾನು ಆಫ್ ಮಾಡಿ, ಗಂಜಿ ತಂದು ಪಕ್ಕದಲ್ಲಿ ಕೂತಳು. ಅವಳ ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಟೈಗರ್ ಬಚ್ಚಲುಮನೆಗೆ ವಲಸೆ ಹೋಯಿತು.

"ಫ್ಯಾನು ಹಾಕು ಮಾರಾಯ್ತಿ, ನೀನು ಬೆಂದು ಹೋಗ್ತಿ" ಎಂದೆ.

"ಸುಮ್ಮನೆ ಗಂಜಿ ಕುಡೀರಿ. ನಿಮ್ಮ ಹೈಪೋಥಾಲಮಸ್ಸಿಗೆ ಗಾಳಿ ಆಗುದಿಲ್ಲ" ಎಂದಳು.

ನನಗೆ ಅವಳ ಮೇಲೆ ಬಹಳ ಪ್ರೀತಿ ಬಂತು. ಹೇಳಲು ನಾಚಿಕೆಯಾಗಿ ಅರ್ಧ ಬಟ್ಟಲು ಗಂಜಿ ಕುಡಿದು ಮಲಗಿದೆ.

ಮಧ್ಯಾಹ್ನ ಜ್ವರ ಬಿಟ್ಟಿತು. ಮೈಯೆಲ್ಲ ಒದ್ದೆ, ತಡೆಯಲಾಗದ ಸೆಕೆ. ಕಂಬಳಿ ಒದ್ದು ಎದ್ದು, ಜನ್ಮದಲ್ಲಿ ಮೊದಲ ಸಲ ನಾನೇ ಫ್ಯಾನನ್ನು ಐದಕ್ಕೆ ತಿರುಗಿಸಿದೆ. ಆಮೇಲೆ ಸುಜಾತಳನ್ನು ನೋಡಿದೆ. ಬೆಂಕಿ ಇಳಿದ ಮೇಲೆ ಅವಳಿಗೆ ಸ್ವಲ್ಪ ಹೊತ್ತು ಚಳಿ ಹಿಡಿಯುವುದುಂಟು. ಸೆರಗು ಹೊದ್ದು, ಕುರ್ಚಿಯಲ್ಲೇ ಮುದುಡಿ ತೂಕಡಿಸುತ್ತಿದ್ದಳು.

ಫ್ಯಾನು ಆಫ್ ಮಾಡಿದೆ. ಸದ್ದು ನಿಂತದ್ದಕ್ಕೆ ಅವಳು ಕಣ್ಣು ಬಿಟ್ಟಳು.

"ನಿಮಗೆ ಸೆಕೆ ಆಗುದಿಲ್ವಾ?"

"ಇಲ್ಲ, ನನಗೂ ಚಳಿಯೇ" ಎಂದಿತು ನನ್ನ ಪ್ರಾಣಿಶಾಸ್ತ್ರ, ಮೂಗಿನ ತುದಿಯ ಬೆವರನ್ನು ಒರೆಸಿಕೊಳ್ಳುತ್ತಾ.