ಕಾಕಾನ ಕಪ್ಪು ಬೆಳ್ಳಿ

ಬೆಳ್ಳಿ ಹೊಳೆದರೆ ಹೌಹಾರುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸ್ವಂತ ಕಾಕಾ, ಅಪ್ಪನ ತಮ್ಮ, ಕಾಗವಾಡದವರು. ದ್ರಾಕ್ಷಿ ತೋಟ ಅವರ ಹೊಟ್ಟೆಪಾಡು, ಹಳೆಯ ಬೆಳ್ಳಿ ನಾಣ್ಯಗಳು ಅವರ ಉಸಿರು. ಅದರಲ್ಲೂ ಯಾವುದೋ ಸಂದರ್ಭದ ನೆನಪಿಗೆಂದು ಸರಕಾರ ಹೊರಡಿಸಿದ ನಾಣ್ಯವೆಂದರೆ ಮುಗಿಯಿತು, ಊಟ ಬಿಟ್ಟು ಎದ್ದಾರು. ನಿಪ್ಪಾಣಿಯಲ್ಲಿ ಪತ್ತಾರನ ಮೂಸೆಗೆ ಬೀಳುತ್ತಿದ್ದ ಒಂದನ್ನು ಕೈ ಅಡ್ಡ ಹಿಡಿದು ಉಳಿಸಿದರು. ನಾಣ್ಯಕ್ಕೆ ಏನೂ ಆಗಲಿಲ್ಲ, ಬೆರಳು ಸುಟ್ಟಿತು ಅಷ್ಟೇ.

ಅವರಿಗೆ ನಾಣ್ಯ ಕಪ್ಪಗಿರಬೇಕು. "ಕಪ್ಪು ಅಂದ್ರ ನಾಣ್ಯದ ವಯಸ್ಸು. ತಿಕ್ಕಿದ್ರ ಅದರ ಆಯುಷ್ಯಾನ ಅಳಿಸಿದಂಗ" ಎಂದು ಅಥಣಿಯಿಂದ, ರಾಯಬಾಗದಿಂದ ನೋಡಲು ಬಂದವರಿಗೆಲ್ಲ ಉಪದೇಶ. ಒಳಗಿನಿಂದ ಚಹಾ ತರುವ ಹೆಂಡತಿಗೆ, ಅಂದರೆ ನನ್ನ ಕಾಕುಗೆ, ಮಾತ್ರ ಒಂದೇ ಮಾತು: "ಚಹಾ ದೂರ ಇಡು."

ಚಿಕ್ಕೋಡಿಯ ಒಂದು ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಕಾಕಾ ಮಾಯ! ಹುಡುಕಿದರೆ, ಆರತಿ ಹಿಡಿದ ಹೆಣ್ಣುಮಗಳ ಎದುರು ಬಗ್ಗಿ ನಿಂತಿದ್ದಾರೆ. ತಟ್ಟೆಯಲ್ಲೊಂದು ಬೆಳ್ಳಿ ರೂಪಾಯಿ.

"ತಂಗಿ, ಈ ಇಂಗ್ಲೆಂಡ್ ರಾಜಾನ ನಿಲುವಂಗಿ ಮ್ಯಾಲ ಆನಿ ಐತಿ ನೋಡು. ಜನಾ ಅದನ್ನ ಹಂದಿ ಅಂದ್ರು. ಗದ್ದಲಾ ಎದ್ದು ಸರಕಾರ ನಾಣ್ಯಾನ ವಾಪಸ್ ತಗೊಂತು."

"ಅಯ್ಯ, ಹಂದಿ ಇರೂದನ್ನ ಆರತಿ ತಟ್ಟಿಯೊಳಗ ಇಟ್ಟೀವೇನ್ರಿ?" ಎಂದು ಆಕೆ ಅದನ್ನು ಎತ್ತಿ ಕಾಕಾನ ಕೈಗೇ ಹಾಕಿದಳು. ಕಾಕಾ ಅದರ ಜಾಗಕ್ಕೊಂದು ನೋಟು ಇಟ್ಟು ಹೊರಬಿದ್ದರು. ಹೀಗಾಗಲೆಂದೇ ಆ ಕತೆ ಹೇಳಿದರೋ ಏನೋ, ನಾನು ಕೇಳಿಲ್ಲ. ಮದುಮಗನ ಮುಖವನ್ನಂತೂ ಅವರು ಇಂದಿಗೂ ನೋಡಿಲ್ಲ.

ಇಂಥ ಕಾಕಾನ ಕಣ್ಣಿಗೆ ಪೊರೆ ಬಂತು. ನನ್ನ ಅಪ್ಪನ ಜೊತೆ ಆಪರೇಷನ್ನಿಗೆ ಮಿರಜಿಗೆ ಹೊರಟಾಗ ನನ್ನನ್ನು ಕರೆಸಿ, ನಾಣ್ಯಗಳ ಡಬ್ಬಿಯ ಕೀಲಿ ಕೈಗಿಟ್ಟು "ಜ್ವಾಕಿ" ಅಂದರು. ಎರಡನೆಯ ದಿನ ಕಾಕು ಬಂದು "ತಮ್ಮಾ, ಆ ಕೀಲಿ ಕೊಡು" ಅಂದರು. ನಾನು ಮೊಬೈಲು ನೋಡುತ್ತ ಕೂತಿದ್ದೆ. ಕೊಟ್ಟುಬಿಟ್ಟೆ.

ಸಂಜೆ ನೋಡುತ್ತೇನೆ, ಅಡುಗೆಮನೆಯಲ್ಲಿ ಬಿಳಿ ಬಟ್ಟೆಯ ಮೇಲೆ ನಾಣ್ಯಗಳೆಲ್ಲ ಫಳಫಳ! ಪಕ್ಕದಲ್ಲಿ ಹಲ್ಲಿನ ಪುಡಿಯ ಡಬ್ಬಿ. ಕಾಕು ನಗುತ್ತಿದ್ದರು. "ಹೊಸಾ ಕಣ್ಣು ಹಾಕ್ಸ್ಕೊಂಡು ಬರ್ತಾರ. ಬಂದ ಕೂಡಲೆ ಕರೀದು ಯಾಕ ನೋಡಬೇಕು ಅಂತ ಎಲ್ಲಾ ತಿಕ್ಕಿದೆ. ಛಲೋ ಆತಲ್ಲ?"

ಊರಿಗೆಲ್ಲ ಕಪ್ಪಿನ ಮಹಿಮೆ ಹೇಳಿದ ಮಹಾನುಭಾವರು ಮನೆಯಾಕೆಗೆ ಹೇಳಿರಲಿಲ್ಲ! ನಾನು ಹೇಳಬೇಕಾಯಿತು. ಕಾಕು ಪುಡಿಯ ಡಬ್ಬಿಯನ್ನು ಆಚೆ ಸರಿಸಿದರು. "ಹಂಗಾದ್ರ ಅವರ ಜನ್ಮದ ಗಳಿಕೀನ ನಾ ಹಾಳ ಮಾಡಿದ್ನೇನ?"

ಅಷ್ಟರಲ್ಲಿ ಅಪ್ಪನ ಫೋನು. ಆಪರೇಷನ್ ಚೆನ್ನಾಗಿ ಆಯಿತಂತೆ. ಆದರೆ ಮನಸ್ಸಿಗೆ ಆಘಾತವಾಗಬಾರದು, ಅಳಬಾರದು, ಅತ್ತರೆ ಕಣ್ಣಿಗೆ ಅಪಾಯವಂತೆ. ಕಾಕಾನ ಕಣ್ಣು ಹೋದರೆ ಕೀಲಿ ಕೊಟ್ಟವನು ಯಾರು? ಬೆಳ್ಳಿಯನ್ನು ಮತ್ತೆ ಕಪ್ಪು ಮಾಡುವುದು ಹೇಗೆಂದು ಮೊಬೈಲಿನಲ್ಲೇ ಹುಡುಕಿದೆ. ಬೇಯಿಸಿದ ಕೋಳಿ ತತ್ತಿಯ ಜೊತೆ ಡಬ್ಬಿಯಲ್ಲಿ ಮುಚ್ಚಿಡಬೇಕಂತೆ. ನಮ್ಮದು ಉಳ್ಳಾಗಡ್ಡಿ-ಬೆಳ್ಳುಳ್ಳಿ ಕೂಡ ಒಳಗೆ ಬರದ ಜೈನರ ಮನೆ. ತತ್ತಿ ಎಲ್ಲಿಂದ ತರಲಿ? ಅಂದು ಕಾಕು ಊಟ ಮಾಡಲಿಲ್ಲ. ನನಗೂ ತುತ್ತು ಇಳಿಯಲಿಲ್ಲ.

ಮರುದಿನ ಕಾಕಾ ಕರಿ ಕನ್ನಡಕ ಹಾಕಿಕೊಂಡು ಬಂದರು. ನೀರು ಕುಡಿಯಲಿಲ್ಲ, ಕಾಲು ತೊಳೆಯಲಿಲ್ಲ, ಮಂಚದ ಮೇಲೆ ಕೂತು ಡಬ್ಬಿ ಪಕ್ಕಕ್ಕೆ ತರಿಸಿಕೊಂಡರು. ಕಾಕು ಬಾಗಿಲ ಹಿಂದೆ ಸೆರಗಿನ ತುದಿ ಕಚ್ಚಿ ನಿಂತಿದ್ದರು. ಕಾಕಾ ಮುಚ್ಚಳ ತೆಗೆದರು. ಒಂದು ನಾಣ್ಯ ಎತ್ತಿದರು, ಇನ್ನೊಂದು ಎತ್ತಿದರು. ನಾನು ಅವರ ಕರಿ ಕನ್ನಡಕವನ್ನೇ ನೋಡುತ್ತ ಮನಸ್ಸಿನಲ್ಲೇ ಕೈಮುಗಿದೆ.

"ಆ ಡಾಕ್ಟರ್ ಭಾರೀ ಮನಷ್ಯಾ ಇದ್ದಾನ" ಎಂದರು ಕಾಕಾ, ದೊಡ್ಡ ದನಿಯಲ್ಲಿ. "ಹೆಂತಾ ಕಣ್ಣ ಕೊಟ್ಟಾನ ನೋಡು. ಕರೀ ನಾಣ್ಯಾನೂ ಲಖಲಖ ಕಾಣ್ತಾವ."

ಬಾಗಿಲ ಹಿಂದೆ ಕಾಕು ಬಿಟ್ಟ ಉಸಿರು ನನಗೆ ಕೇಳಿಸಿತು. ಆಕೆ ಚಹಾಕ್ಕೆ ಒಳಗೆ ಓಡಿದರು. ನಾನೂ ನಕ್ಕುಬಿಡಬೇಕು, ಅಷ್ಟರಲ್ಲಿ ಕಾಕಾ ನನ್ನ ಮುಂಗೈ ಹಿಡಿದು ಹತ್ತಿರ ಎಳೆದರು.

"ಲೇ, ಪೊರಿ ಬಂದದ್ದು ಕಣ್ಣಿಗೆ, ಮೂಗಿಗಲ್ಲ. ಹಲ್ಲಿನ ಪುಡಿ ವಾಸನಿ ಗೊತ್ತಾಗೂದಿಲ್ಲೇನ ನನಗ?"

"ಕಾಕಾ, ಅವರಿಗೆ ಗೊತ್ತಿರಲಿಲ್ರಿ..."

"ನಾ ಹೇಳಿದ್ರಲ್ಲ ಗೊತ್ತಾಗೂದು. ಆಕೀ ಮುಂದ ಏನೂ ಅನಬ್ಯಾಡ."

ಒಂದು ನಾಣ್ಯಕ್ಕಾಗಿ ಬೆರಳು ಸುಟ್ಟುಕೊಂಡ ಮನುಷ್ಯ ಇವರು.

ಕಾಕು ಚಹಾ ತಂದು, ರೂಢಿಯಂತೆ ದೂರ ಇಟ್ಟರು. ಗಡಿಬಿಡಿಯಲ್ಲಿ ಸೆರಗು ತಲೆಯಿಂದ ಜಾರಿತ್ತು. ಕಾಕಾ ಕನ್ನಡಕ ತೆಗೆದು ಆಕೆಯನ್ನೇ ನೋಡಿದರು. ಬಹಳ ಹೊತ್ತು ನೋಡಿದರು.

"ಏ, ನಿನ್ನ ಕೂದಲಾ ಇಷ್ಟ ಯಾವಾಗ ಹಣ್ಣಾದೂ?"

"ನೀವು ಡಬ್ಬಿ ತಗದು ಕುಂತಿದ್ರೆಲ್ಲರಿ, ಆವಾಗ."

ಕಾಕಾ ಡಬ್ಬಿಯನ್ನು ನೆಲಕ್ಕಿಳಿಸಿ, ಮಂಚದ ಮೇಲೆ ಆಕೆಗೆ ಕೂರಲು ಜಾಗ ಮಾಡಿದರು.