ಯಾರೂ ಕೇಳದ ಸೈಕಲ್

ನೀರಣ್ಣನ ಬಾಯಲ್ಲಿ 'ಇಲ್ಲ' ಎನ್ನುವ ಮಾತು ಬರುತ್ತಿರಲಿಲ್ಲ. ಅವನ ಎಲ್ಲ ತಾಪತ್ರಯಕ್ಕೂ ಮೂಲ ಅದೇ. ಅವನು ನೀರು ಸರಬರಾಜು ಕಚೇರಿಯ ವಾಲ್ವ್‌ಮನ್. ಸಂಜೆ ಐದಕ್ಕೆ ಸರಿಯಾಗಿ ಗುಡ್ಡದ ಮೇಲಿನ ಟ್ಯಾಂಕಿನ ವಾಲ್ವ್ ತಿರುಗಿಸಿದರೆ ಊರಿನ ನಲ್ಲಿಗಳಲ್ಲಿ ನೀರು ಬರುತ್ತಿತ್ತು. ಹೀಗಾಗಿ ಎಲ್ಲರ ಬಾಯಲ್ಲೂ ಅವನು ನೀರಣ್ಣನಾಗಿದ್ದ. ಮನೆಯಿಂದ ಟ್ಯಾಂಕಿಗೆ ಎಂಟು ಕಿಲೋಮೀಟರ್ ಡಾಂಬರು ರಸ್ತೆ, ಆಮೇಲೆ ಒಂದೂವರೆ ಕಿಲೋಮೀಟರ್ ಕಲ್ಲುಮುಳ್ಳಿನ ಕಾಲುದಾರಿ. ಓಡಾಡಲು ಒಂದು ಸೈಕಲ್ ಇತ್ತು. ಇತ್ತು ಎಂದರೆ, ರಸೀತಿ ಅವನ ಹೆಸರಿನಲ್ಲಿತ್ತು.

ಸೈಕಲ್ ಮಾತ್ರ ಬೀದಿಯವರದು. ಬೆಳಿಗ್ಗೆ ಎದುರುಮನೆ ಟೈಲರ್ "ಗುಂಡಿ ತರೋಕೆ ಹೋಗಿಬರ್ತೀನಿ" ಎಂದು ಒಯ್ಯುತ್ತಿದ್ದ. ಅವನ ಕೈಯಿಂದ ಪಕ್ಕದ ಮನೆಯ ಕಾಂಪೌಂಡರ್ ಇಸಿದುಕೊಳ್ಳುತ್ತಿದ್ದರು. ಮಧ್ಯಾಹ್ನ ಹೆಂಡತಿಯ ತಮ್ಮ ಕೇಳದೆಯೇ ಹತ್ತಿ ಹೋಗುತ್ತಿದ್ದ. ನೀರಣ್ಣ ನಡೆದು ಹೋಗಿ ತಡವಾಗಿ ಎರಡು ಮೆಮೊ ತಿಂದಿದ್ದ. ಮೂರನೆಯದು ಬಂದರೆ ನದಿಯಾಚೆಯ ಪಂಪ್‌ಹೌಸಿಗೆ ವರ್ಗ ಎಂದು ಎಂಜಿನಿಯರ್ ಸಾಹೇಬರು ಬರೆದೇ ಕೊಟ್ಟಿದ್ದರು. ಅಲ್ಲಿಯೇ ಉಳಿಯಬೇಕು, ವಾರಕ್ಕೊಮ್ಮೆ ಮನೆ.

"ವಾರಕ್ಕೊಮ್ಮೆ ಬಂದು ನನ್ನ ಮುಖ ನೋಡ್ಕೊಂಡು ಹೋಗ್ತೀರಾ?" ಎಂದಿದ್ದಳು ಹೆಂಡತಿ. "ಕೊಡಲ್ಲ ಅಂತ ಒಂದು ಮಾತು ಹೇಳೋಕೆ ಏನು ಕಷ್ಟ ನಿಮಗೆ?"

ಅದು ಅವನಿಂದ ಆಗದ ಕೆಲಸ. ಆಗುವ ಕೆಲಸವೊಂದನ್ನು ಅವನು ಎಂಟು ತಿಂಗಳಿಂದ ಗುಟ್ಟಾಗಿ ಕಲಿಯುತ್ತಿದ್ದ. ಸೈಕಲ್ ಶಾಪಿನವನ ಹತ್ತಿರ ಒಂದು ಪುಟ್ಟ ಒಂಟಿ ಚಕ್ರದ ಸೈಕಲ್ ಇತ್ತು. ಹ್ಯಾಂಡಲ್ ಇಲ್ಲ, ಚೈನ್ ಇಲ್ಲ. ಒಂದು ಚಕ್ರ, ಎರಡು ಪೆಡಲ್, ಮೇಲೊಂದು ಸೀಟು. ರಜೆಯ ದಿನಗಳಲ್ಲಿ ಶಾಪಿನ ಹಿಂದಿನ ಓಣಿಯಲ್ಲಿ ಬಿದ್ದು, ಎದ್ದು, ಮೊಣಕಾಲಿನ ಚರ್ಮ ಎರಡು ಸಲ ಬದಲಾಗಿ, ಕೊನೆಗೆ ನೀರಣ್ಣ ಅದರ ಮೇಲೆ ಕೂತು ಹೋಗುವುದನ್ನು ಕಲಿತ. ಬೇರೆ ಯಾರಿಗೂ ಬಾರದ ಸೈಕಲನ್ನು ಯಾರು ತಾನೇ ಕೇಳುತ್ತಾರೆ ಎನ್ನುವುದು ಅವನ ಲೆಕ್ಕಾಚಾರ.

ಒಂದು ದಿನ ಬೆಳಿಗ್ಗೆ, ಟೈಲರ್ ಒಯ್ಯುವ ಮೊದಲೇ ತನ್ನ ಸೈಕಲ್ ಹತ್ತಿ, ಅವನು ಅಂಥದೇ ದೊಡ್ಡದೊಂದನ್ನು ಕೊಳ್ಳಲು ಹೊರಟ. ಸುದ್ದಿ ಅವನಿಗಿಂತ ಮೊದಲೇ ಶಾಪ್ ತಲುಪಿತ್ತು. ಟೈಲರ್, ಕಾಂಪೌಂಡರ್, ಬಾಮೈದ ಮೂವರೂ ಅಲ್ಲಿ ಬೆಂಚಿನ ಮೇಲೆ ಕೂತಿದ್ದರು. ತಾವು ಓಡಿಸಬೇಕಾದ ಗಾಡಿಯ ವಿಷಯದಲ್ಲಿ ಅವರಿಗೆ ಕಾಳಜಿ ಇರುವುದು ಸಹಜವೇ.

ಶಾಪಿನವನು ಮೊದಲು ಮೂವತ್ತಾರು ಇಂಚಿನ ಚಕ್ರ ತೋರಿಸಿದ. "ದೂರ ಹೋಗೋಕೆ ಇದೇ ರಾಜ. ಒಂದು ಸಲ ತುಳಿದ್ರೆ ಮೂರು ಮಾರು ಹೋಗುತ್ತೆ. ಆದ್ರೆ ಗುಡ್ಡದ ದಾರೀಲಿ ಹಠ ಮಾಡುತ್ತೆ. ಬೆಲೆಯೂ ಜಾಸ್ತಿ."

"ಒಂದೇ ಚಕ್ರ ತಾನೇ?" ಎಂದ ಬಾಮೈದ. "ಸೈಕಲ್ ಬೆಲೇಲಿ ಅರ್ಧ ಆಗ್ಬೇಕಲ್ಲ."

"ಸೈಕಲ್‌ಗಿಂತ ಮೂರು ಪಟ್ಟು."

"ಇನ್ನೊಂದು ಚಕ್ರ ತೆಗೆಯೋಕೆ ಅಷ್ಟು ಕೂಲಿನಾ?" ಎಂದು ಬಾಮೈದ ನಿಜವಾಗಿಯೂ ಬೇಸರಪಟ್ಟುಕೊಂಡ.

ಎರಡನೆಯದು ಇಪ್ಪತ್ನಾಲ್ಕು ಇಂಚಿನದು, ಕೈಯಗಲದ ಟೈರು. ಕಲ್ಲು, ಬೇರು, ಮೆಟ್ಟಿಲು ಏನು ಬಂದರೂ ಹತ್ತಿಕೊಂಡು ಹೋಗುತ್ತದಂತೆ. ಆದರೆ ಡಾಂಬರಿನ ಮೇಲೆ ಎಂಟು ಕಿಲೋಮೀಟರ್ ಎಂದರೆ ಕಾಲು ಹೊಲಿಗೆ ಯಂತ್ರದ ಹಾಗೆ ಓಡಬೇಕು. "ಹೊಲಿಗೆ ಯಂತ್ರ ತುಳಿಯೋದು ಅಷ್ಟು ಸುಲಭ ಅಲ್ಲ" ಎಂದು ಟೈಲರ್ ತನ್ನ ಅನುಭವ ಹೇಳಿದ.

ಕಾಂಪೌಂಡರ್ ಗಂಭೀರವಾಗಿ, "ಯಾವುದಾದ್ರೂ ತಗೊಳ್ಳಿ, ಹಿಂದೆ ಒಂದು ಕ್ಯಾರಿಯರ್ ಹಾಕಿಸಿ. ಔಷಧಿ ಡಬ್ಬ ಇಡೋಕೆ ಬೇಕಾಗುತ್ತೆ" ಎಂದರು.

"ಇದಕ್ಕೆ ಹಿಂದೆ ಅನ್ನೋದೇ ಇಲ್ಲ ಸ್ವಾಮಿ" ಎಂದ ಶಾಪಿನವನು.

ಕೊನೆಗೆ ಅವನು ಒಳಗಿನಿಂದ ಯಾರೋ ಬಳಸಿ ಬಿಟ್ಟ ಇಪ್ಪತ್ತೊಂಬತ್ತು ಇಂಚಿನದನ್ನು ತಂದ. ಟೈರು ತೀರ ದಪ್ಪವೂ ಅಲ್ಲ, ತೆಳುವೂ ಅಲ್ಲ. ಪೆಡಲ್ ಸಿಕ್ಕಿಸುವ ಕಬ್ಬಿಣದ ತೋಳಿನಲ್ಲಿ ಎರಡೆರಡು ತೂತು. "ರಸ್ತೇಲಿ ಒಳಗಿನ ತೂತಿಗೆ ಹಾಕೊ, ಬೇಗ ಹೋಗ್ತೀಯ. ಗುಡ್ಡ ಬಂದಾಗ ಪೆಡಲ್ ಬಿಚ್ಚಿ ಹೊರಗಿನ ತೂತಿಗೆ ಹಾಕೊ, ಏರು ಹಗುರ ಆಗುತ್ತೆ. ಬ್ರೇಕ್ ಬೇಡ, ದುಡ್ಡು ದಂಡ. ಕಾಲಲ್ಲೇ ಒತ್ತಿ ಹಿಡಿ. ನಿನ್ನ ಹಳೇ ಸೈಕಲ್ ಕೊಟ್ಟುಬಿಡು, ಮೇಲೊಂದು ಚೂರು ಸೇರಿಸು."

ನೀರಣ್ಣ ಹಳೆಯ ಸೈಕಲನ್ನು ಗೋಡೆಗೆ ಒರಗಿಸಿ ಕೀಲಿ ಕೊಟ್ಟ. ಬೆಂಚಿನ ಮೇಲಿದ್ದ ಮೂವರ ಮುಖವೂ ಸಣ್ಣದಾಯಿತು.

ಅವನು ದೀಪದ ಕಂಬ ಹಿಡಿದು ಹೊಸದನ್ನು ಹತ್ತಿ, ಬೀದಿಯ ಆ ತುದಿಗೆ ಹೋಗಿ ಬಂದ. ಜನ ಸೇರಿದರು. ಟೈಲರ್ ಅಭ್ಯಾಸಬಲದಿಂದ ಕೈ ಚಾಚಿ, "ಹಂಗೇ ಒಂದು ರೌಂಡ್ ಕೊಡು ನೀರಣ್ಣ" ಎಂದ.

"ತಗೊಳ್ಳಿ, ಧಾರಾಳವಾಗಿ" ಎಂದ ನೀರಣ್ಣ. ಆ ಮಾತನ್ನು ಸಂತೋಷದಿಂದ ಹೇಳಿದ್ದು ಅವನ ಜೀವನದಲ್ಲಿ ಅದೇ ಮೊದಲು.

ಟೈಲರ್ ಚರಂಡಿ ಸೇರಿದ. ಕಾಂಪೌಂಡರ್ ಬಿದ್ದ ರಭಸಕ್ಕೆ ಟೊಮೇಟೊ ಮಾರುವವಳ ಬುಟ್ಟಿ ಮಗುಚಿ, ಮೈಯೆಲ್ಲ ಕೆಂಪಾಗಿ, ಎರಡು ನಿಮಿಷ ತಮ್ಮ ನಾಡಿ ತಾವೇ ಹಿಡಿದುಕೊಂಡು ಕೂತರು. ಬಾಮೈದ ಮಾತ್ರ ಬೀಳಲಿಲ್ಲ, ಏಕೆಂದರೆ ಅವನಿಗೆ ಹತ್ತಲೇ ಆಗಲಿಲ್ಲ. "ಭಾವ, ನಿಮಗೆ ನಮ್ಮ ಮೇಲೆ ಇಷ್ಟು ಸಿಟ್ಟಿದೆ ಅಂತ ಗೊತ್ತಿರಲಿಲ್ಲ" ಎಂದು ಹೇಳಿ ಅವನು ಹೊರಟುಹೋದ.

ಮಧ್ಯಾಹ್ನ ಮೂರೂವರೆಗೆ ನೀರಣ್ಣ ಮನೆ ಬಿಟ್ಟ. ನಾಯಿಗಳು ಎರಡು ಫರ್ಲಾಂಗು ಬೆನ್ನಟ್ಟಿ, ಕಚ್ಚಬೇಕಾದ ಜಾಗ ಯಾವುದೆಂದು ತಿಳಿಯದೆ ನಿಂತವು. ಒಂದು ಬಸ್ಸಿನವರೆಲ್ಲ ಒಂದೇ ಕಡೆ ಬಗ್ಗಿ ನೋಡಿದ್ದರಿಂದ ಬಸ್ಸೇ ವಾಲಿತು. ಗುಡ್ಡದ ಬುಡದಲ್ಲಿ ಅವನು ಪೆಡಲನ್ನು ಹೊರಗಿನ ತೂತಿಗೆ ಬದಲಾಯಿಸಿ, ಸೀಟಿನ ಮೂತಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಗಾಳಿಯಲ್ಲಿ ಬೀಸುತ್ತ ಏರಿದ. ಎರಡು ಕಡೆ ಬಿದ್ದ. ಆದರೂ ಟ್ಯಾಂಕ್ ತಲುಪಿದಾಗ ಗಂಟೆ ನಾಲ್ಕು ಮೂವತ್ತೈದು. ನೌಕರಿ ಇದ್ದ ಜಾಗದಲ್ಲೇ ಉಳಿಯಿತೆಂದು ಅವನಿಗೆ ಕಣ್ಣು ತುಂಬಿ ಬಂತು.

ಟ್ಯಾಂಕಿನ ಬಾಗಿಲಲ್ಲಿ ಎಂಜಿನಿಯರ್ ಸಾಹೇಬರು ಗಡಿಯಾರ ನೋಡುತ್ತ ನಿಂತಿದ್ದರು. ತಡವಾಗಿ ಬರುವವನನ್ನು ಹಿಡಿಯಲೆಂದೇ ಗುಡ್ಡ ಹತ್ತಿದ್ದರು. ಅವರು ಅವನನ್ನೂ ಚಕ್ರವನ್ನೂ ಒಂದು ಸುತ್ತು ಹಾಕಿ ನೋಡಿದರು.

"ಇವತ್ತು ನನ್ನ ಮಗಳ ಹುಟ್ಟುಹಬ್ಬ" ಎಂದರು. "ಮ್ಯಾಜಿಕ್ ಮಾಡೋನು ಕೈಕೊಟ್ಟ. ಮನೇಲಿ ನಲವತ್ತು ಮಕ್ಕಳು ಕೂತಿದಾರೆ, ಹೆಂಡತಿ ಫೋನ್ ಮೇಲೆ ಫೋನ್. ಇದನ್ನ ಸ್ವಲ್ಪ ಕೊಡ್ತೀರಾ?"

"ಧಾರಾಳವಾಗಿ ತಗೊಳ್ಳಿ ಸಾರ್" ಎಂದ ನೀರಣ್ಣ, ಬೆಳಗಿನ ಅನುಭವದ ಧೈರ್ಯದ ಮೇಲೆ.

"ಇದೊಂದನ್ನೇ ತಗೊಂಡು ನಾನೇನು ಮಾಡ್ಲಿ? ನೀವೂ ಬನ್ನಿ."

"ಸಾರ್, ವಾಲ್ವ್..."

"ಕೆಳಗೆ ಜೀಪಿದೆ. ಹೋಗೋಕೆ ಹತ್ತು ನಿಮಿಷ, ಆಟ ಐದು ನಿಮಿಷ, ಬರೋಕೆ ಹತ್ತು ನಿಮಿಷ. ಐದಕ್ಕೆ ಇಲ್ಲಿರ್ತೀರಿ."

ಸಾಹೇಬರ ಅಂದಾಜುಗಳು ಕಾಗದದ ಮೇಲೆ ಯಾವತ್ತೂ ಸರಿಯಾಗಿಯೇ ಇರುತ್ತಿದ್ದವು. ನೀರಣ್ಣನಿಗೆ ಒಂದೇ ಒಂದು ಮಾತು ಹೇಳಬೇಕಿತ್ತು. ಅದು ಗಂಟಲವರೆಗೂ ಬಂತು. ಹೊರಗೆ ಬಂದದ್ದು "ಆಗ್ಲಿ ಸಾರ್".

ಮಕ್ಕಳು ಐದು ನಿಮಿಷಕ್ಕೆ ಬಿಡುವ ಜಾತಿಯಲ್ಲ. ನೀರಣ್ಣ ಅಂಗಳದಲ್ಲಿ ಸುತ್ತಿದ. ತಲೆಗೆ ಕಾಗದದ ಟೋಪಿ ಇಟ್ಟುಕೊಂಡು ಸುತ್ತಿದ. ಸಾಹೇಬರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸುತ್ತಿದ. ಸಾಹೇಬರ ಹೆಂಡತಿ "ಇನ್ನೊಂದೇ ಸಲ" ಎಂದು ನಾಲ್ಕು ಸಲ ಹೇಳಿದರು. ಅವನು ಗುಡ್ಡಕ್ಕೆ ವಾಪಸಾಗಿ ವಾಲ್ವ್ ತಿರುಗಿಸಿದಾಗ ಆರೂ ಇಪ್ಪತ್ತು. ಕೆಳಗಿಳಿದು ಬಂದರೆ ಜೀಪಿನ ಪಕ್ಕದಲ್ಲಿ ಸಾಹೇಬರು ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದರು.

"ಐದಕ್ಕೆ ನೀರು ಬಂದಿಲ್ಲ ಅಂತ ನಿಮ್ಮ ಬೀದಿಯಿಂದ ದೂರು ಬಂದಿದೆ" ಎಂದರು ಫೋನ್ ಇಳಿಸಿ. "ಮೂರು ಜನ, ಬೇರೆ ಬೇರೆಯಾಗಿ. ಒಬ್ಬ ಟೈಲರ್, ಒಬ್ಬ ಕಾಂಪೌಂಡರ್, ಇನ್ನೊಬ್ಬ ನಿಮ್ಮ ಸಂಬಂಧಿಕನೇ ಅಂತೆ. ದೂರು ಪುಸ್ತಕಕ್ಕೆ ಬಿದ್ದ ಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ."

"ಸಾರ್, ತಾವೇ ತಾನೇ..."

"ಅದು ಮನೆ ವಿಷಯ, ಇದು ಆಫೀಸು." ಅವರು ಜೀಪಿನಿಂದ ಕಾಗದ ತೆಗೆದು, ಕೈಗೆ ಹತ್ತಿರವಿದ್ದ ಒಂಟಿ ಚಕ್ರದ ಸೀಟಿನ ಮೇಲಿಟ್ಟು ಬರೆದು ಸಹಿ ಹಾಕಿದರು. ನೀರಣ್ಣ ಅದು ಅಲುಗಾಡದಂತೆ ಹಿಡಿದುಕೊಂಡಿದ್ದ. ಆಮೇಲೆ ಕಾಗದ ಓದಿದ. 'ಕೆಲಸದ ವೇಳೆಯಲ್ಲಿ, ಮೇಲಧಿಕಾರಿಗಳ ಅನುಮತಿ ಇಲ್ಲದೆ, ಸೈಕಲ್ ಆಟದಲ್ಲಿ ತೊಡಗಿದ್ದುದರಿಂದ' ಅವನನ್ನು ನಾಳೆಯಿಂದಲೇ ನದಿಯಾಚೆಗೆ ವರ್ಗ ಮಾಡಲಾಗಿತ್ತು.

ಸಾಹೇಬರು ಜೀಪು ಹತ್ತಿ, ಏನೋ ನೆನಪಾಗಿ ತಲೆ ಹೊರಗೆ ಹಾಕಿದರು.

"ಅಂದಹಾಗೆ, ಮುಂದಿನ ಭಾನುವಾರ ನನ್ನ ತಂಗಿ ಮಗನ ಹುಟ್ಟುಹಬ್ಬ. ವಾರಕ್ಕೊಂದು ದಿನ ಹೇಗೂ ಊರಿಗೆ ಬರ್ತೀರಲ್ಲ. ಹಂಗೇ ಸೈಕಲ್ ತಗೊಂಡು ಅವರ ಮನೆಗೆ ಬಂದ್ಬಿಡಿ."

ನೀರಣ್ಣನಿಗೆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಎಷ್ಟು ಗಂಟೆಗೆ ಸಾರ್?" ಎಂದ.