ಕುರಿ ಮೈ ಕೊಡವಿದರೆ ಸರಿ

ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂತು. ಆದರೂ ತಮಿಳುನಾಡಿನ ಮೇಚೇರಿಯ ನಮ್ಮ ಬೀದಿಯಲ್ಲಿ ನಾಲ್ಕು ಜನ ಸೇರಿದರೆ ಅವನದೊಂದು ಕಥೆ ಹೊರಗೆ ಬಂದೇ ಬರುತ್ತದೆ. ಅವನಿದ್ದಾಗ ದಿನಾ ಏನಾದರೊಂದು ನಡೆಯುತ್ತಿತ್ತು. ಈಗ ಅವನಿಲ್ಲ, ನಗುವುದು ಮಾತ್ರ ನಿಂತಿಲ್ಲ.

ಅಪ್ಪ ಖಾಸಗಿ ಬಸ್ಸಿನ ಡ್ರೈವರ್. ಮೇಚೇರಿಯಿಂದ ನಲ್ಲಂಪಳ್ಳಿ ಮೇಲೆ ಧರ್ಮಪುರಿಗೆ ಹೋಗಿ ಬರುವುದು ಅವನ ಕೆಲಸ. ಆದರೆ ಅವನ ಲೆಕ್ಕದಲ್ಲಿ ಲೋಕದಲ್ಲಿದ್ದದ್ದು ಎರಡೇ ಜಾಗ: ಒಂದು ಮನೆ, ಇನ್ನೊಂದು ಮನೆಯಿಂದ ದೂರ. ಹೆಂಡತಿ ಮಗಳು ಅಂದರೆ ಅಷ್ಟು ಪ್ರಾಣ, ಹಾಗೆಯೇ ಅಷ್ಟು ಹಟ. ಆ ಹಟಗಳಲ್ಲಿ ಒಂದರ ಮೇಲೆ ನನ್ನ ಮದುವೆಯೇ ನಿಂತಿತ್ತು. ಅದನ್ನು ಹೇಳುವುದಕ್ಕೆ ಮುಂಚೆ ಹಾರನ್ನಿನ ಕಥೆ ಹೇಳಬೇಕು.

ಹಾರನ್ನು

ನಮ್ಮ ಮನೆ ರಸ್ತೆಗೇ ಮುಖ ಮಾಡಿದೆ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಅಪ್ಪ ಮನೆ ಮುಂದೆ ಬಸ್ಸನ್ನು ನಿಧಾನ ಮಾಡಿ ಉದ್ದಕ್ಕೆ ಒಂದು ಹಾರನ್ ಹೊಡೆಯುತ್ತಿದ್ದ. ಅವ್ವ ಊಟದ ಕ್ಯಾರಿಯರ್ ಹಿಡಿದು ಓಡಿಹೋಗಿ ಡ್ರೈವರ್ ಕಿಟಕಿಗೆ ಎತ್ತಿ ಕೊಡುತ್ತಿದ್ದಳು. ಎಷ್ಟೋ ವರ್ಷದ ಅಭ್ಯಾಸ.

ಒಮ್ಮೆ ಅಪ್ಪ ಜ್ವರವೆಂದು ರಜೆ ಹಾಕಿ ಜಗಲಿಯ ಮೇಲೆ ಮಲಗಿದ್ದ. ಬದಲಿಗೆ ಬಂದಿದ್ದ ಡ್ರೈವರ್ ನಮ್ಮ ಮನೆ ಮುಂದೆ ಅಡ್ಡ ಬಂದ ಎಮ್ಮೆಗೆ ಹಾರನ್ ಹೊಡೆದ. ಅವ್ವ ಒಳಗಿಂದ ಓಡಿ ಬಂದವಳೇ, ಮುಖ ಕೂಡ ನೋಡದೆ ಕ್ಯಾರಿಯರ್ ಎತ್ತಿ ಕೊಟ್ಟು ವಾಪಸು ಬಂದಳು.

ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದ ಅಪ್ಪ ಮೆಲ್ಲಗೆ ಕೇಳಿದ, "ನನ್ನ ಸೋರಿನ ಕ್ಯಾರಿಯರ್ ಎಲ್ಲೈತೆ?"

ಅವ್ವ ಅವನನ್ನು ನೋಡಿದಳು, ರಸ್ತೆಯನ್ನು ನೋಡಿದಳು. "ಧರ್ಮಪುರಿಗೆ ಓಯ್ತು."

ಸಂಜೆ ಕ್ಯಾರಿಯರ್ ತೊಳೆದು ವಾಪಸು ಬಂತು. ಮಾರನೆಯ ದಿನ ಅದೇ ಜಾಗದಲ್ಲಿ ಎಮ್ಮೆಯೂ ಇರಲಿಲ್ಲ, ಏನೂ ಇರಲಿಲ್ಲ, ಆ ಡ್ರೈವರ್ ಮಾತ್ರ ಉದ್ದಕ್ಕೆ ಹಾರನ್ ಹೊಡೆದ.

ಕುರಿ

ನಮ್ಮದು ಕುರಿ ಸಾಕಿದ ಮನೆತನ. ಅಪ್ಪ ಸ್ಟಿಯರಿಂಗ್ ಹಿಡಿದ ಮೇಲೆ ಮಂದೆ ಹೋಯಿತು, ಆದರೂ ಒಂದು ಕುರಿಯನ್ನು ಮಾತ್ರ ಹಿತ್ತಲಲ್ಲಿ ಕಟ್ಟಿಕೊಂಡಿದ್ದ. ನಮ್ಮಲ್ಲಿ ದೇವರ ಮುಂದೆ ಕುರಿಯ ಮೇಲೆ ಅರಿಸಿನದ ನೀರು ಹಾಕುತ್ತಾರೆ. ಅದು ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ. ಬೇರೆಯವರು ಹಬ್ಬಕ್ಕೊಂದು ಸಲ ಕೇಳುತ್ತಿದ್ದರು. ಅಪ್ಪ ಫ್ರಿಜ್ ತರುವುದಕ್ಕೂ ಕೇಳಿದ, ನನ್ನನ್ನು ಕಾಲೇಜಿಗೆ ಕಳಿಸುವುದಕ್ಕೂ ಕೇಳಿದ.

ಅವ್ವನ ತಂಗಿಯನ್ನು ಬೆಟ್ಟದ ಮೇಲಿನ ಪಾಲಮಲೆಗೆ ಕೊಟ್ಟಿದ್ದರು. ಅಲ್ಲಿ ಒಂದು ವಾರ ಇದ್ದು ಬರುತ್ತೇನೆ ಎಂದು ಅವ್ವ ಎಷ್ಟು ಸಲ ಕೇಳಿದರೂ ಕುರಿ ಮೈ ಕೊಡವಲಿಲ್ಲ.

"ದೇವ್ರು ಬೇಡ ಅಂತೈತೆ, ನಾನೇನ್ ಮಾಡ್ಲಿ?" ಎನ್ನುತ್ತಿದ್ದ ಅಪ್ಪ.

ಅವ್ವನಿಗೆ ಅನುಮಾನ ಬಂದು ಒಂದು ದಿನ ಕಣ್ಣಿಟ್ಟು ನೋಡಿದಳು. ತನಗೆ ಬೇಡದ ಕೆಲಸವಾದರೆ ಅಪ್ಪ ಕುರಿಯ ಬೆನ್ನಿಗೆ ಎರಡು ಹನಿ ತೋರಿಸಿ ಬಿಡುತ್ತಿದ್ದ. ಬೇಕಾದ ಕೆಲಸವಾದರೆ ಸೀದಾ ಕಿವಿಯೊಳಗೆ! ಅವ್ವ ಚೊಂಬು ಕಿತ್ತುಕೊಂಡು ತಾನೇ ಕಿವಿಗೆ ಹೊಯ್ದಳು. ಕುರಿ ತಲೆಯಿಂದ ಬಾಲದವರೆಗೆ ಮೈ ಕೊಡವಿತು. ಅವ್ವ ಅವತ್ತೇ ಬೆಟ್ಟ ಹತ್ತಿದಳು.

ಮಾರನೆಯ ಸಂಜೆ ತಂಗಿಯ ಮನೆ ಬಾಗಿಲಲ್ಲಿ ಅಪ್ಪ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ನೀವ್ಯಾಕೆ ಬಂದ್ರಿ?"

"ನಾನೆಲ್ಲಿ ಬಂದೆ? ಕುರೀನ ಕೇಳ್ದೆ, ಓಗು ಅಂತು."

ಹೆಣ್ಣು ನೋಡಲು ಬಂದ ದಿನ

ಧರ್ಮಪುರಿಯ ಕಾಲೇಜಿಗೆ ನಾನು ಹೋಗುತ್ತಿದ್ದುದು ಅಪ್ಪನ ಬಸ್ಸಿನಲ್ಲೇ. ನಲ್ಲಂಪಳ್ಳಿಯಲ್ಲಿ ಒಬ್ಬ ಹುಡುಗ ಹತ್ತುತ್ತಿದ್ದ. ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೆಲಸ. ಮನೆಯಲ್ಲಿ ನಮ್ಮ ಹಾಗೆ ಕನ್ನಡ, ಬೀದಿಗೆ ಬಂದರೆ ತಮಿಳು. ಇಬ್ಬರಿಗೂ ಮನಸ್ಸಾಯಿತು. ಬಸ್ಸಿನಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ, ಆದ್ದರಿಂದ ಅಪ್ಪನಿಗೆ ಏನೂ ಗೊತ್ತಿಲ್ಲ ಎಂದು ನಂಬಿದ್ದೆವು. ಕೊನೆಗೆ ಅವರ ಮನೆಯವರೇ ಕೇಳಿ ಕಳಿಸಿದಾಗ ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ಬರ್ಲಿ. ಕುರಿ ಏನ್ ಹೇಳತೈತೋ ನೋಡಾನ."

ಆ ಹುಡುಗನಲ್ಲದೆ ಬೇರೆಯವರನ್ನು ನಾನು ಒಪ್ಪುವವಳಲ್ಲ, ಆದರೆ ಅಪ್ಪನ ಮಾತು ಮೀರಿ ಮದುವೆಯಾಗುವವಳೂ ಅಲ್ಲ.

ಹೆಣ್ಣು ನೋಡುವ ದಿನದ 'ನಲ್ಲ ನೇರ', ಅಂದರೆ ಶುಭ ಮುಹೂರ್ತ, ಅಪ್ಪನ ಟ್ರಿಪ್ಪಿನ ಹೊತ್ತಿಗೇ ಬಂತು. ರಜೆ ಸಿಗಲಿಲ್ಲ. ಅಪ್ಪ ಹುಡುಗನ ಮನೆಯವರನ್ನು ತನ್ನ ಬಸ್ಸಿನಲ್ಲೇ ಹತ್ತಿಸಿಕೊಂಡು ಬಂದು, ಮನೆ ಮುಂದೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ವಿಷಯ ಗೊತ್ತಾದ ಮೇಲೆ ಪ್ಯಾಸೆಂಜರ್‌ಗಳು ಸೀಟಿನಲ್ಲಿ ಕೂರುತ್ತಾರೆಯೇ? ಎಲ್ಲರೂ ಇಳಿದು ನಮ್ಮ ಹಿತ್ತಲಿಗೆ ಬಂದರು.

ನಾನು ಕಿಟಕಿಯಿಂದ ಚೊಂಬನ್ನೇ ನೋಡುತ್ತಿದ್ದೆ. ಬೆನ್ನಿಗೋ, ಕಿವಿಗೋ? ಅಪ್ಪ ಸೀದಾ ಕಿವಿಗೆ ಹೊಯ್ದ! ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಹಾಳು ಕುರಿ, ಅಷ್ಟು ಜನರನ್ನು ಕಂಡು ಬೆದರಿ ಕಲ್ಲಿನಂತೆ ನಿಂತಿತು. ಅಪ್ಪ ಇನ್ನೊಂದು ಚೊಂಬು ಹೊಯ್ದ. ಅದು ಕಣ್ಣು ಕೂಡ ಮಿಟುಕಿಸಲಿಲ್ಲ. ಹುಡುಗನ ತಾಯಿಯ ಮುಖ ಸಣ್ಣದಾಯಿತು. ತಂದೆ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಏಳುವ ಲಕ್ಷಣ ತೋರಿಸಿದರು.

"ಡ್ರೈವರಣ್ಣೇ, ಸೀಕ್ರಂ! ಟೈಮಾಚ್ಚು!" ಎಂದು ಹಿಂದಿನಿಂದ ಒಬ್ಬರು ತಮಿಳಿನಲ್ಲಿ ಅವಸರಪಡಿಸಿದರು. ಕಂಡಕ್ಟರ್ ವಿಸಲ್ ಊದಿದ.

"ಇರ್ರಪ್ಪಾ, ದೇವ್ರಿಗೂ ಒಸಿ ಯೋಚ್ನೆ ಮಾಡಕ್ ಬಿಡ್ರಿ," ಎಂದು ಅಪ್ಪ ಚೊಂಬು ಬಿಟ್ಟು ಬಕೆಟ್ಟನ್ನೇ ಎತ್ತಿದ.

ಕುರಿ ಪಕ್ಕಕ್ಕೆ ನೆಗೆಯಿತೋ, ಅಪ್ಪನ ಕೈ ಜಾರಿತೋ ಯಾರಿಗೂ ಕಾಣಲಿಲ್ಲ. ಬಕೆಟ್ ನೀರಷ್ಟೂ ಪಕ್ಕದ ಕುರ್ಚಿಯಲ್ಲಿ ಹೊಸ ಬಿಳಿ ಶರ್ಟು ಹಾಕಿಕೊಂಡು ಕೂತಿದ್ದ ಹುಡುಗನ ತಲೆಯ ಮೇಲೆ ಬಿತ್ತು. ಅವನು ಕೂತಲ್ಲಿಂದ ಏಳಲಿಲ್ಲ. ಅಡಿಯಿಂದ ಮುಡಿಯವರೆಗೆ ಒಂದು ಸಲ ಮೈ ಕೊಡವಿದ.

ಅಪ್ಪ ಬಕೆಟ್ ಕೆಳಗಿಟ್ಟು ಕೈ ಮುಗಿದ. "ಆಯ್ತು! ಅಪ್ಪಣೆ ಆಯ್ತು!"

"ಮೈ ಕೊಡವಿದ್ದು ಕುರಿ ಅಲ್ಲ, ನನ್ನ ಮಗ!" ಎಂದರು ಹುಡುಗನ ತಂದೆ.

"ಸರಿ ಬೀಗ್ರೇ, ಮದ್ವೆ ಆಗಾದು ಕುರೀನಾ, ನಿಮ್ಮ ಮಗನಾ?"

ಬಸ್ಸಿನವರೆಲ್ಲ ಹೋ ಎಂದರು. ಹುಡುಗನ ತಂದೆಗೂ ನಗು ತಡೆಯಲಾಗಲಿಲ್ಲ. ಮದುವೆ ನಿಶ್ಚಯವಾಯಿತು, ಬಸ್ಸು ಹೊರಟಿತು.

ಸಂಜೆ ಅಪ್ಪನಿಗೆ ಕಾಫಿ ಕೊಡುವಾಗ ಧೈರ್ಯ ಮಾಡಿ ಕೇಳಿದೆ, "ಅಪ್ಪಾ, ನಮ್ಮ ವಿಷಯ ನಿನಗೆ ಗೊತ್ತಿತ್ತಾ?"

"ಡ್ರೈವರ್ ತಲೆ ಮೇಲೆ ಅಷ್ಟು ದೊಡ್ಡ ಕನ್ನಡಿ ಯಾಕಿರತೈತೆ, ನನ್ ಕಣ್ಣೇ? ಆ ಹೈದನ ಅಂಗಡಿ ಇರಾದು ನಿನ್ ಕಾಲೇಜಿಗಿಂತ ಎರಡು ಸ್ಟಾಪ್ ಹಿಂದೆ. ನೀನು ಇಳಿಯೋಗಂಟ ಅವ್ನು ಇಳೀತಿರ್ಲಿಲ್ಲ. ದಿನಾ ವಾಪಸ್ ನಡ್ಕೊಂಡು ಓಯ್ತಿದ್ದ."

ನನ್ನ ಕಣ್ಣು ತುಂಬಿ ಬಂತು. ಅಂಥ ಅಪ್ಪನನ್ನು ಪಡೆದದ್ದು ನನ್ನ ಭಾಗ್ಯವೇ ಸರಿ. ಆದರೂ ಒಂದು ಅನುಮಾನ ಉಳಿದಿತ್ತು.

"ಆ ಬಕೆಟ್ಟು... ಕೈ ಜಾರಿತಾ?"

ಅಪ್ಪ ಕಾಫಿ ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡ.

"ಇಷ್ಟು ವರ್ಷ ಬಸ್ ಓಡ್ಸಿದೀನಿ, ಒಂದ್ ಸಲನಾದ್ರೂ ತಪ್ಪು ಕಡೆ ತಿರುಗ್ಸಿದೀನಾ?"